ಬೂಸಾನೋ, ಟೆನ್ ಆರೋ? ನೇರ ರಸ್ತೆಗೆ ಯಾವುದು, ತಿರುವಿಗೆ ಯಾವುದು?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಕೆಟಿಎಂ ಆರ್‌ಸಿ 390 ಓಡಿಸುತ್ತಿದ್ದೇನೆ. ಈಗ ದೊಡ್ಡ ಬೈಕಿನ ಹುಚ್ಚು ಹಿಡಿದಿದೆ. ಸೆಕೆಂಡ್ ಹ್ಯಾಂಡ್‌ನಲ್ಲೇ ನೋಡುತ್ತಿದ್ದೇನೆ, 2021ರ ನಂತರದ ಗಾಡಿ ಆಗಬೇಕು. ಮನಸ್ಸಿನಲ್ಲಿರುವುದು ಎರಡೇ. ಸುಜುಕಿ ಹಯಬುಸಾ (ಎಲ್ಲರ ಬಾಯಲ್ಲಿ ಬೂಸಾ), ಇಲ್ಲವೇ ಕವಾಸಾಕಿ ನಿಂಜಾ ಝಡ್‌ಎಕ್ಸ್-10ಆರ್ (ಅದೇ ಟೆನ್ ಆರ್).

ನಿನ್ನೆ ಟೀ ಅಂಗಡಿ ಮುಂದೆ ಗೆಳೆಯನ ಜೊತೆ ಒಂದು ಗಂಟೆ ಜಗಳ ಆಯಿತು. ಅವನದು ಒಂದೇ ವಾದ. ಬೂಸಾ ನೇರ ರಸ್ತೆಗೆ ಮಾತ್ರ, ತಿರುವು ಬಂದರೆ ಲಾರಿ ತಿರುಗಿಸಿದ ಹಾಗೆ ಅಂತ. ನಾನು ಬೂಸಾ ಪಕ್ಷ. ನಾನೂ ಎರಡನ್ನೂ ಓಡಿಸಿಲ್ಲ, ಅವನೂ ಓಡಿಸಿಲ್ಲ. ಓಡಿಸಿದವರು ಸ್ವಲ್ಪ ಹೇಳಿ.

ಇನ್ನೊಂದು ವಿಷಯ. ಮನೆಯಲ್ಲಿ "ಬೂಸಾ ತಗೋತೀನಿ" ಅಂದೆ. ಅಜ್ಜಿ "ಎಷ್ಟು ಮೂಟೆ?" ಅಂತ ಕೇಳಿದರು.

ಗೇರ್ ಗುಂಡಣ್ಣ:
ಅಜ್ಜಿಗೆ ನನ್ನ ಓಟು. ಬೂಸಾ ಹಸುವಿಗೆ, ಟೆನ್ ಆರ್ ನಿನಗೆ. ಮುಗೀತು, ಬೀಗ ಹಾಕಿ ಈ ಚರ್ಚೆಗೆ.

ಗಿಡುಗ 1340:
ಮುಗಿದಿಲ್ಲ ಗುಂಡಣ್ಣ, ಕೂತ್ಕೋ. ಮೂರು ವರ್ಷದಿಂದ ಬೂಸಾ ಇಟ್ಟುಕೊಂಡಿದ್ದೇನೆ, ನಾನು ಮಾತಾಡಬಹುದು ಅಲ್ವಾ?

ಮೊದಲು ಸ್ವಲ್ಪ ಹಳೇ ಕತೆ. ಹಯಬುಸಾ ಅಂದರೆ ಜಪಾನಿ ಭಾಷೆಯಲ್ಲಿ ಗಿಡುಗದ ಜಾತಿಯ ಹಕ್ಕಿ. ಆಗ ಜಗತ್ತಿನಲ್ಲಿ ಎಲ್ಲಕ್ಕಿಂತ ವೇಗದ ಬೈಕ್ ಅನ್ನಿಸಿಕೊಂಡಿದ್ದು ಹೋಂಡಾದ ಸೂಪರ್ ಬ್ಲ್ಯಾಕ್‌ಬರ್ಡ್. ಕಪ್ಪು ಹಕ್ಕಿಯನ್ನು ಹಿಡಿದು ತಿನ್ನುವ ಗಿಡುಗ ಬಂತು ಅಂತ ಸುಜುಕಿಯವರ ಕುಚೋದ್ಯ. 1999ರಲ್ಲಿ ಬಂದ ಆ ಮೊದಲ ಗಾಡಿ 1299 ಸಿಸಿ, 310 ಕಿಲೋಮೀಟರ್ ದಾಟುತ್ತಿತ್ತು. ಯುರೋಪಿನಲ್ಲಿ ಗಲಾಟೆ ಶುರುವಾಯಿತು. ಇಂಥ ಬೈಕುಗಳನ್ನೇ ನಿಷೇಧ ಮಾಡುತ್ತಾರೆ ಅನ್ನುವ ಭಯಕ್ಕೆ ಕಂಪನಿಗಳೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡು 299ಕ್ಕೆ ಗೆರೆ ಎಳೆದವು. ಹೊಸ ಬೂಸಾನೂ ಅಲ್ಲಿಗೇ ನಿಲ್ಲುತ್ತದೆ, ಟೆನ್ ಆರ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಟಾಪ್ ಸ್ಪೀಡ್ ಜಗಳ ಟೀ ಅಂಗಡಿಗೆ ಮಾತ್ರ.

ವ್ಯತ್ಯಾಸ ಇರುವುದು ಅಲ್ಲಿಗೆ ಹೇಗೆ ಹೋಗಿ ಮುಟ್ಟುತ್ತದೆ ಅನ್ನುವುದರಲ್ಲಿ. ಈಗಿನ ಬೂಸಾ 1340 ಸಿಸಿ, 190 ಪಿಎಸ್ (ಅಶ್ವಶಕ್ತಿ), 7000 ಆರ್‌ಪಿಎಂನಲ್ಲೇ 150 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆರನೇ ಗೇರಿನಲ್ಲಿ 80ರಲ್ಲಿ ಹೋಗುತ್ತಿರಿ, ಗೇರ್ ಮುಟ್ಟಬೇಡಿ, ಥ್ರಾಟಲ್ ಮಾತ್ರ ತಿರುಗಿಸಿ. ಬೆನ್ನಿಗೆ ಯಾರೋ ಎರಡು ಕೈ ಕೊಟ್ಟು ತಳ್ಳಿದ ಹಾಗೆ ಆಗುತ್ತದೆ. ಸದ್ದಿಲ್ಲ, ಗದ್ದಲ ಇಲ್ಲ. ಮೀಟರ್ ನೋಡಿದಾಗಲೇ ಗಾಬರಿ.

ಟೆನ್ ಆರ್ ತಿಮ್ಮ:
ಕತೆ ಚೆನ್ನಾಗಿದೆ. ಈಗ ತೂಕಕ್ಕೆ ಬರೋಣ. ಬೂಸಾ 264 ಕೆಜಿ. ಟೆನ್ ಆರ್ 207. ನಡುವೆ 57 ಕೆಜಿ, ಅಂದರೆ ಒಂದು ಅಕ್ಕಿ ಮೂಟೆ, ಮೇಲೆ ಒಂದಿಷ್ಟು ಬೆಲ್ಲ. ಟೆನ್ ಆರ್ 998 ಸಿಸಿ, 203 ಪಿಎಸ್. ಜೋರಾಗಿ ಹೋಗುವಾಗ ಮುಂದಿನ ಗಾಳಿ ಒಳಗೆ ನುಗ್ಗಿ 213 ಆಗುತ್ತದೆ. ಪವರ್ ಜಾಸ್ತಿ, ತೂಕ ಕಡಿಮೆ, ಇನ್ನೇನು ಬೇಕು? ಜೊನಾಥನ್ ರೇ 2015ರಿಂದ 2020ರವರೆಗೆ ಆರು ವರ್ಷ ಸತತವಾಗಿ ವರ್ಲ್ಡ್ ಸೂಪರ್‌ಬೈಕ್ ಗೆದ್ದಿದ್ದು ಇದೇ ಟೆನ್ ಆರ್ ಮೇಲೆ, ಬೂಸಾ ಮೇಲಲ್ಲ.

ಒಂದು ಎಚ್ಚರಿಕೆ ಮಾತ್ರ. ಒಂದನೇ ಗೇರಿನಲ್ಲೇ 150ರ ಹತ್ತಿರ ಹೋಗುತ್ತದೆ. ಊರೊಳಗೆ ಎರಡನೇ ಗೇರ್ ಅನ್ನುವುದು ಹಬ್ಬಕ್ಕೊಮ್ಮೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ತೊಡೆ ಮೇಲೆ ದೋಸೆ ಹುಯ್ಯಬಹುದು.

ಹಾಸನದ ಹುಡುಗ:
ತಿಮ್ಮಣ್ಣ, ಒಂದು ಅನುಮಾನ. ಮುಂದಿನ ಫೋರ್ಕ್ ವಾಲಿಕೊಂಡಿರುವ ಕೋನ, ಅದೇ ರೇಕ್, ಕಡಿಮೆ ಇದ್ದಷ್ಟೂ ಬೈಕ್ ಬೇಗ ತಿರುಗುತ್ತದೆ ಅಂತ ಓದಿದ್ದೆ. ಬೂಸಾದ್ದು 23 ಡಿಗ್ರಿ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) 90 ಎಂಎಂ. ಟೆನ್ ಆರ್‌ದು 25 ಡಿಗ್ರಿ, 105 ಎಂಎಂ. ಲೆಕ್ಕದ ಪ್ರಕಾರ ಬೂಸಾನೇ ಚುರುಕಾಗಿರಬೇಕಲ್ವಾ?

ಟೆನ್ ಆರ್ ತಿಮ್ಮ:
ಕಾಗದದ ಮೇಲೆ ನನ್ನ ಜಾತಕದಲ್ಲೂ ರಾಜಯೋಗ ಇದೆ.

ಯೆಜ್ಡಿ ಮೇಷ್ಟ್ರು:
ಹುಡುಗ ಸರಿಯಾದ ಪ್ರಶ್ನೆ ಕೇಳಿದ್ದಾನೆ, ನಗಬೇಡಿ. ನಾನು ಮೈಸೂರಿನವನು, ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇನ್ನೂ ಮನೆಯಲ್ಲಿದೆ. ಅದರ ವೇಗ ಕೇಳಬೇಡಿ.

ರೇಕ್, ಟ್ರೇಲ್ ಹೇಳುವುದು ಹ್ಯಾಂಡಲ್ ಎಷ್ಟು ಬೇಗ ಮಾತು ಕೇಳುತ್ತದೆ ಅನ್ನುವುದನ್ನು. ಆದರೆ ಮಾತು ಕೇಳಬೇಕಾದ ದೇಹ ಎಷ್ಟು ಭಾರ, ಆ ಭಾರ ಎಲ್ಲಿ ಕೂತಿದೆ, ಎರಡು ಚಕ್ರದ ನಡುವೆ ಎಷ್ಟು ದೂರ ಅನ್ನುವುದೂ ಸೇರಬೇಕು. ಬೂಸಾದ ವೀಲ್‌ಬೇಸ್ 1480 ಎಂಎಂ, ಟೆನ್ ಆರ್‌ದು 1450. ಭಾರದ ಉದ್ದ ಗಾಡಿ ತೀರಾ ಮೊಂಡಾಗಬಾರದು ಅಂತಲೇ ಸುಜುಕಿಯವರು ರೇಕ್ ಕಡಿಮೆ ಇಟ್ಟಿರಬೇಕು ಅನ್ನುವುದು ನನ್ನ ಊಹೆ.

ಈಗ ನಿಮ್ಮ ಜಗಳದ ಮುಖ್ಯ ಭಾಗ. ತಿರುವಿನಲ್ಲಿ ಹೋಗುವ ವೇಗ ಯಾವುದರ ಮೇಲೆ ನಿಂತಿದೆ? ತಿರುವಿನ ತ್ರಿಜ್ಯ ಮತ್ತು ನೀವು ಬೈಕನ್ನು ಎಷ್ಟು ವಾಲಿಸುತ್ತೀರಿ ಅನ್ನುವುದು, ಅಷ್ಟೇ. ಆ ಲೆಕ್ಕದಲ್ಲಿ ಸಿಸಿ ಇಲ್ಲ, ಪಿಎಸ್ ಇಲ್ಲ, ತೂಕ ಕೂಡ ಎರಡೂ ಕಡೆ ಹೊಡೆದುಹೋಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 45 ಡಿಗ್ರಿ ವಾಲಿಸಿದರೆ ಗಂಟೆಗೆ ಸುಮಾರು 80 ಕಿಲೋಮೀಟರ್. ಬೂಸಾ ಆದರೂ 80, ಟೆನ್ ಆರ್ ಆದರೂ 80, ಪಕ್ಕದ ಮನೆಯ ಪುಟ್ಟ ಯಮಾಹಾ ಆರ್15 ಆದರೂ 80. ಅಗಲದ ಟೈರಿಗೆ ಒಂದೆರಡು ಡಿಗ್ರಿ ಜಾಸ್ತಿ ವಾಲಬೇಕಾಗುತ್ತದೆ, ಆ ಲೆಕ್ಕದಲ್ಲಿ ಆರ್15ಗೇ ಲಾಭ.

ಆಗುಂಬೆ ಘಾಟಿಗೆ ಬನ್ನಿ. ಅಲ್ಲಿ 14 ಹೇರ್‌ಪಿನ್. ತ್ರಿಜ್ಯ 10 ಮೀಟರ್ ಅಂತ ಇಟ್ಟುಕೊಳ್ಳಿ, ಭಯವಿರುವ ಮನುಷ್ಯನ ಹಾಗೆ 30 ಡಿಗ್ರಿ ವಾಲಿಸಿ. ವೇಗ 27 ಕಿಲೋಮೀಟರ್. 203 ಪಿಎಸ್ ಇಟ್ಟುಕೊಂಡು 27ರಲ್ಲಿ ಹೋಗುವುದು. ನನ್ನ ಯೆಜ್ಡಿಯೂ ಅಷ್ಟೇ ಹೋಗುತ್ತದೆ.

ನೇರ ರಸ್ತೆಯ ಲೆಕ್ಕವೇ ಬೇರೆ. ಅಲ್ಲಿ ಶತ್ರು ಗಾಳಿ. ವೇಗ ಎರಡರಷ್ಟಾಗಬೇಕಾದರೆ ಪವರ್ ಎಂಟರಷ್ಟು ಬೇಕು. ನಿನ್ನ ಆರ್‌ಸಿಯ 43.5 ಪಿಎಸ್ 170ರ ಆಸುಪಾಸಿನಲ್ಲಿ ಸುಸ್ತಾಗುತ್ತದೆ ಅಲ್ವಾ? ಅದಕ್ಕೇ 300ಕ್ಕೆ 190, 200 ಪಿಎಸ್ ಬೇಕಾಗಿರುವುದು. ಬೂಸಾದ ಆ ಡುಬ್ಬ ಬೆನ್ನು, ಉಬ್ಬಿದ ಮೂತಿ ನೋಡಿ ನಗುತ್ತಾರಲ್ಲ, ಅದೆಲ್ಲ ಗಾಳಿಯನ್ನು ಸೀಳುವುದಕ್ಕೆ.

ಗೇರ್ ಗುಂಡಣ್ಣ:
ಮೇಷ್ಟ್ರೇ, ನೀವು ಪಾಠ ಮಾಡಿದ್ದರೆ ನಾನು ಪಾಸಾಗುತ್ತಿದ್ದೆ.

ಟೆನ್ ಆರ್ ತಿಮ್ಮ:
ಲೆಕ್ಕ ಒಪ್ಪಿದೆ. ಹಾಗಾದರೆ ಟ್ರ್ಯಾಕ್ ಡೇಗಳಲ್ಲಿ (ನಮ್ಮಂಥವರೂ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳಲ್ಲಿ) ಹತ್ತು ಟೆನ್ ಆರ್ ಇದ್ದರೆ ಒಂದು ಬೂಸಾ ಯಾಕೆ? ಆರ್15ನೂ ಬೂಸಾನೂ ಒಂದೇ ಆದರೆ ಎಲ್ಲರೂ ಒಂದೇ ಟೈಮ್ ಹೊಡೆಯಬೇಕಿತ್ತಲ್ಲ?

ಇರುಂಗಾಟ್ಟುಕೋಟೈ ಯಾತ್ರಿ:
ಇಲ್ಲಿ ನಾನು ಬಾಯಿ ಹಾಕುತ್ತೇನೆ. ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಪಕ್ಕದ ಟ್ರ್ಯಾಕಿಗೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ. ಬೆಂಗಳೂರಿನಿಂದ 300 ಕಿಲೋಮೀಟರ್ ಹತ್ತಿರ, ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ರಾತ್ರಿ ಹೊರಟರೆ ಬೆಳಗ್ಗೆ ಇಡ್ಲಿಗೆ ಅಲ್ಲಿರಬಹುದು. ಟ್ರ್ಯಾಕ್ 3.7 ಕಿಲೋಮೀಟರ್, 12 ತಿರುವು. ನನ್ನದು ಝಡ್‌ಎಕ್ಸ್-6ಆರ್. 636 ಸಿಸಿ, 124 ಪಿಎಸ್, 198 ಕೆಜಿ.

ಹೋದ ಸಲ ಒಂದು ಸೆಷನ್‌ನಲ್ಲಿ ನನ್ನ ಮುಂದೆ ಬೂಸಾ, ಅದರ ಮುಂದೆ ಟೆನ್ ಆರ್. ಇಬ್ಬರೂ ಒಳ್ಳೇ ರೈಡರ್‌ಗಳು. ಐದು ಸುತ್ತು ಅವರ ಹಿಂದೆಯೇ ಹೋದೆ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಮೊದಲ ತಿರುವು ಸಿ1. ಬಲಕ್ಕೆ ಬಾಗುವ ಜೋರು ತಿರುವು. ಬೂಸಾ ಅಲ್ಲಿ ಒಂದು ಗೆರೆ ಹಿಡಿದು ಕೂತರೆ ಹಳಿ ಮೇಲಿನ ರೈಲು. ಅಲುಗಾಡಲಿಲ್ಲ. ನಾನು ಒಂದಿಂಚೂ ಹತ್ತಿರ ಹೋಗಲು ಆಗಲಿಲ್ಲ. ಬೂಸಾ ತಿರುಗಲ್ಲ ಅನ್ನುವವರು ಇದನ್ನು ನೋಡಬೇಕು.

ಆದರೆ ಬ್ರೇಕ್ ಹಾಕುವ ಜಾಗ ಬಂದಾಗ ಕತೆ ಬದಲಾಯಿತು. ತಿರುವಿಗೆ ಎಷ್ಟು ದೂರ ಅಂತ ತೋರಿಸುವ ಫಲಕಗಳಿರುತ್ತವಲ್ಲ, ಬೂಸಾ ರೈಡರ್ ನನಗಿಂತ ಒಂದು ಫಲಕ ಮೊದಲೇ ಬ್ರೇಕ್ ಹಿಡಿಯುತ್ತಿದ್ದ. ಬೂಸಾಗೂ ಟೆನ್ ಆರ್‌ಗೂ ಬ್ರೆಂಬೊ ಬ್ರೇಕೇ ಇದೆ, ಅದರ ತಪ್ಪಲ್ಲ. 80 ಕೆಜಿಯ ಮನುಷ್ಯ ಕೂತರೆ ಬೂಸಾ 344 ಕೆಜಿ, ಟೆನ್ ಆರ್ 287. ಒಂದೇ ವೇಗದಿಂದ ನಿಲ್ಲಿಸಲು ಬೂಸಾ ಬ್ರೇಕಿಗೆ 20 ಪರ್ಸೆಂಟ್ ಜಾಸ್ತಿ ಕೆಲಸ. ನಾಲ್ಕನೇ ಸುತ್ತಿನ ಹೊತ್ತಿಗೆ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ನನ್ನ ಹೆಲ್ಮೆಟ್ ಒಳಗೆ ಬರುತ್ತಿತ್ತು.

ಆಮೇಲೆ ಎಡ, ಬಲ, ಎಡ ಅಂತ ತಕ್ಷಣ ತಿರುಗಿಸಬೇಕಾದ ಜಾಗ. ಮೇಷ್ಟ್ರು ಹೇಳಿದ್ದು ವಾಲಿದ ಮೇಲಿನ ವೇಗ. ವಾಲುವುದಕ್ಕೇ ಹಿಡಿಯುವ ಹೊತ್ತು ಬೇರೆ. ಟೆನ್ ಆರ್ ಸೊಂಟ ಕುಣಿಸಿದ ಹಾಗೆ ಆ ಕಡೆಯಿಂದ ಈ ಕಡೆಗೆ ಬಿತ್ತು. ಬೂಸಾ ರೈಡರ್ ಎರಡೂ ಕೈಯಲ್ಲಿ ಹ್ಯಾಂಡಲ್ ಜಗ್ಗುತ್ತಿದ್ದ, ಅವನ ಮೊಣಕೈ ಹೊರಗೆ ಬರುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸುವಷ್ಟರಲ್ಲಿ ತಿರುವು ಅರ್ಧ ಮುಗಿದಿರುತ್ತಿತ್ತು. ಅಲ್ಲೇ ನಾನು ಒಳಗಿನಿಂದ ನುಗ್ಗಿದೆ.

ಇನ್ನೊಂದು, ಟೈರು. ಬೂಸಾದ್ದು 190/50, ಟೆನ್ ಆರ್‌ದು 190/55. ಅಗಲ ಒಂದೇ, ಆದರೆ 55ರ ಟೈರು ಸುಮಾರು ಒಂದು ಸೆಂಟಿಮೀಟರ್ ಎತ್ತರ, ಬೆನ್ನು ಜಾಸ್ತಿ ದುಂಡಗೆ. ವಾಲಿದಾಗ ನೆಲಕ್ಕೆ ತಾಗುವ ಜಾಗ ಜಾಸ್ತಿ ಸಿಗುತ್ತದೆ, ವಾಲುವುದೂ ಸಲೀಸು.

ತಮಾಷೆ ಈಗ ಬರುತ್ತದೆ. ಸ್ಟ್ರೇಟ್‌ನಲ್ಲಿ, ಅಂದರೆ ಟ್ರ್ಯಾಕಿನ ನೇರ ಭಾಗದಲ್ಲಿ, ಬೂಸಾ ನನ್ನನ್ನು ಮತ್ತೆ ನುಂಗಬೇಕಿತ್ತಲ್ವಾ? 190 ಪಿಎಸ್ ಎದುರು 124. ನುಂಗಲಿಲ್ಲ. ಯಾಕೆಂದರೆ ಸ್ಟ್ರೇಟ್ ಶುರುವಾಗುವುದು ಸ್ಟ್ರೇಟ್‌ನಲ್ಲಲ್ಲ, ಅದರ ಹಿಂದಿನ ತಿರುವಿನಲ್ಲಿ. ನಾನು ಅಲ್ಲಿಂದ ಐದಾರು ಕಿಲೋಮೀಟರ್ ಜಾಸ್ತಿ ವೇಗದಲ್ಲಿ, ಮೊದಲೇ ಥ್ರಾಟಲ್ ಬಿಚ್ಚಿ ಹೊರಗೆ ಬಂದೆ. ಅವನು ಭಾರವನ್ನು ನೇರ ಮಾಡಿಕೊಂಡು ಗ್ಯಾಸ್ ಕೊಡುವಷ್ಟರಲ್ಲಿ ನಾನು ಮುಂದೆ ಇದ್ದೆ. ಅವನು ಹತ್ತಿರ ಹತ್ತಿರ ಬಂದ, ಅಷ್ಟರಲ್ಲಿ ಮುಂದಿನ ಬ್ರೇಕ್ ಬಂತು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಆಗಿದ್ದರೆ ಬೇರೆ ಮಾತು. ಅಲ್ಲಿನ ಉದ್ದ ಸ್ಟ್ರೇಟ್ ಒಂದು ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಬೂಸಾ ನನ್ನನ್ನು ಬಾಳೆಹಣ್ಣಿನ ಹಾಗೆ ಸುಲಿದಿಡುತ್ತಿತ್ತು.

ಟೆನ್ ಆರ್ ಏನಾಯಿತು ಅಂತ ಕೇಳಬೇಡಿ. ಅದು ಆಗಲೇ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು. ಆದರೆ ಅದೇ ದಿನ ಇನ್ನೂ ಮೂರು ಟೆನ್ ಆರ್‌ಗಳನ್ನು ನಾನು ದಾಟಿದೆ. ಆ ಮೂವರೂ ಸ್ಟ್ರೇಟ್‌ನಲ್ಲಿ ರಾಕೆಟ್, ತಿರುವಿನಲ್ಲಿ ಮದುವೆ ಮೆರವಣಿಗೆ.

ಗಿಡುಗ 1340:
ಯಾತ್ರಿ ಹೇಳಿದ್ದು ನೂರಕ್ಕೆ ನೂರು. ನನ್ನದೂ ಒಂದು ತಪ್ಪೊಪ್ಪಿಗೆ ಇದೆ.

ಹೊಸದರಲ್ಲಿ ಚಾರ್ಮಾಡಿ ಘಾಟಿ ಇಳಿಯಲು ಹೋದೆ. ಹೊರಡುವ ಮುಂಚೆ ಒಂದು ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಸಿದ್ದೆ. ಎಷ್ಟು ಬಿಗಿ ಅಂದರೆ ತಂಬೂರಿ ತಂತಿ. ನನಗಾಗ ಗೊತ್ತಾಗಲಿಲ್ಲ. ಚೈನ್‌ಗೆ ಸಡಿಲ ಇಲ್ಲದಿದ್ದರೆ ಹಿಂದಿನ ಸಸ್ಪೆನ್ಷನ್ ಪೂರ್ತಿ ಕೆಲಸ ಮಾಡುವುದಿಲ್ಲ, ಗುಂಡಿ ಬಂದರೆ ಚಕ್ರ ಕುಪ್ಪಳಿಸುತ್ತದೆ. ಮೂರನೇ ಗೇರಿನಲ್ಲಿ ಒಂದು ಎಡ ತಿರುವಿಗೆ ಇಳಿದೆ. ಮಧ್ಯದಲ್ಲಿ ರಸ್ತೆ ಕಿತ್ತಿತ್ತು, ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಎಗರಿತು. ಗೆರೆ ತಪ್ಪಿ ನಡು ರಸ್ತೆ ದಾಟಿದೆ. ಎದುರಿಗೆ ಬಸ್ಸು. ಡ್ರೈವರ್ ಮೊದಲೇ ನೋಡಿ ನಿಲ್ಲಿಸಿದ್ದ, ಪುಣ್ಯಾತ್ಮ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯಲೂ ಇಲ್ಲ. "ನಿಧಾನ ಮಾರಾಯ" ಅಂದ, ಅಷ್ಟೇ. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅವತ್ತಿನಿಂದ ಚೈನ್ ನಾನೇ ನೋಡಿಕೊಳ್ಳುತ್ತೇನೆ.

ನೇರ ಓಟದ ಬಗ್ಗೆ ಒಂದು ಮಾತು ಉಳಿದಿದೆ. ಡ್ರ್ಯಾಗ್ ರೇಸ್‌ನಲ್ಲಿ ಬೂಸಾ ಇವತ್ತಿಗೂ ರಾಜ ಯಾಕೆ ಗೊತ್ತಾ? ನಿಂತ ಜಾಗದಿಂದ ಹೊರಡುವಾಗ ಹಗುರದ ಚಿಕ್ಕ ಬೈಕಿನ ಮುಂದಿನ ಚಕ್ರ ಮೇಲಕ್ಕೆ ಏಳುತ್ತದೆ. ಎದ್ದರೆ ಗ್ಯಾಸ್ ಬಿಡಬೇಕು, ಬಿಟ್ಟರೆ ಸೋತ ಹಾಗೆ. ಬೂಸಾ ತಗ್ಗು, ಉದ್ದ, ಭಾರ. ನೆಲ ಕಚ್ಚಿಕೊಂಡು ಹೋಗುತ್ತದೆ. ತಿರುವಿನಲ್ಲಿ ಶಾಪವಾದದ್ದು ಅಲ್ಲಿ ವರ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ಹಲವು ಸಲ ಗೆದ್ದಿದ್ದಾರೆ. ಅವಕಾಶ ಸಿಕ್ಕರೆ ಅವರು ಲೈನ್‌ನಲ್ಲಿ ನಿಂತು ಕ್ಲಚ್ ಬಿಡುವ ಆ ಒಂದು ಕ್ಷಣ ನೋಡಿ. ಪವರ್ ಯಾರ ಹತ್ತಿರ ಬೇಕಾದರೂ ಇರುತ್ತದೆ.

ಮ್ಯೂನಿಕ್ ಮಂಜ:
ಜರ್ಮನಿಯಿಂದ ನಮಸ್ಕಾರ. ಇಲ್ಲಿ ಆಟೋಬಾನ್‌ನ ಕೆಲವು ಭಾಗದಲ್ಲಿ ಮಿತಿ ಇಲ್ಲ, 130 ಅನ್ನುವುದು ಸಲಹೆ ಮಾತ್ರ. ಗೆಳೆಯನ ಬಿಎಂಡಬ್ಲ್ಯು ಎಸ್1000ಆರ್‌ಆರ್ ತಗೊಂಡು ಭಾನುವಾರ ಬೆಳಗ್ಗೆ ಒಮ್ಮೆ 270 ನೋಡಿದೆ. ಎಷ್ಟು ಹೊತ್ತು? ಹತ್ತು ಸೆಕೆಂಡ್ ಇರಬಹುದು. ಟ್ಯಾಂಕಿಗೆ ಗಲ್ಲ ಒತ್ತಿ ಮಲಗಬೇಕು. ತಲೆ ಒಂದಿಂಚು ಎತ್ತಿದರೆ ಗಾಳಿ ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆಯುತ್ತದೆ. ದೂರದಲ್ಲಿ 140ರಲ್ಲಿ ಹೋಗುತ್ತಿದ್ದ ಕಾರು ನಿಂತಿದೆಯೇನೋ ಅನ್ನಿಸುತ್ತದೆ. ಅದು ಇಂಡಿಕೇಟರ್ ಹಾಕಿ ಎಡಕ್ಕೆ ಬಂದರೆ ದೇವರೇ ಗತಿ. ಖುಷಿ ಪಡಲು ಪುರುಸೊತ್ತೇ ಇರಲಿಲ್ಲ.

ಅದೇ ವಾರ ಆಲ್ಪ್ಸ್ ಕಡೆ ಘಾಟಿ ರಸ್ತೆಯಲ್ಲಿ 60, 70ರಲ್ಲಿ ಎರಡು ಗಂಟೆ ತಿರುಗಿದೆ. ಹಲ್ಲು ಕಿರಿದುಕೊಂಡೇ ಮನೆಗೆ ಬಂದೆ.

ಗೇರ್ ಗುಂಡಣ್ಣ:
ನೇರ ಓಟ ಅಂದರೆ ಟರ್ಕಿಯ ಬೈಕ್ ರೇಸರ್ ಕೆನಾನ್ ಸೊಫುಒಗ್ಲು. 2016, ಟರ್ಕಿಯ ಒಸ್ಮಾನ್ ಗಾಝಿ ಸೇತುವೆ, ಕವಾಸಾಕಿ ಎಚ್2ಆರ್, 26 ಸೆಕೆಂಡಿನಲ್ಲಿ 400. ಸೂಪರ್‌ಚಾರ್ಜರ್ ಇರುವ 310 ಪಿಎಸ್ ಗಾಡಿ. ಸೇತುವೆ ಪೂರ್ತಿ ಖಾಲಿ ಮಾಡಿಸಿದ್ದರು. ನಮ್ಮ ಹೆಬ್ಬಾಳ ಫ್ಲೈಓವರ್ ಖಾಲಿ ಮಾಡಿಸಿ, ನಾನೂ ತೋರಿಸುತ್ತೇನೆ.

ಟೆನ್ ಆರ್ ತಿಮ್ಮ:
ನಮ್ಮಲ್ಲಿ ಎಲ್ಲಿ ಓಡಿಸುವುದು ಅನ್ನುವುದೇ ದೊಡ್ಡ ಪ್ರಶ್ನೆ ಬಿಡಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಗಾಡಿ ಹಿಂದೆ ಹೋಗಬೇಕು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್. ನನ್ನ ಗಾಡಿ ಒಂದನೇ ಗೇರಿನಲ್ಲೇ ಎಫ್‌ಐಆರ್ ಮಾಡಿಸುತ್ತದೆ. ಬೈಕ್ ಬೆಲೆ ಮೇಲೆ 18 ಪರ್ಸೆಂಟ್ ರಸ್ತೆ ತೆರಿಗೆ ಕೊಡುವುದು ಯಾವ ರಸ್ತೆಗೆ ಅಂತ ಯಾರಾದರೂ ಹೇಳಿ.

ಯೆಜ್ಡಿ ಮೇಷ್ಟ್ರು:
ಹುಡುಗಾ, ನೀನು ಓದುತ್ತಿದ್ದೀಯ ತಾನೇ? ಬೈಕ್ ವಾಲಿದಷ್ಟೂ ಟೈರು ಅಂಚಿನ ಕಡೆಗೆ ಸವೆಯುತ್ತದೆ, ಅದಕ್ಕೇ ಒಂದು ಕೇಳುತ್ತೇನೆ. ನಿನ್ನ ಆರ್‌ಸಿಯ ಹಿಂದಿನ ಟೈರಿನ ಅಂಚಿನಲ್ಲಿ ಎಷ್ಟು ಅಗಲ ಇನ್ನೂ ಸವೆಯದೆ ಹೊಸದಾಗಿದೆ? ಅಳೆದು ಹೇಳು.

ಹಾಸನದ ಹುಡುಗ:
ಮೇಷ್ಟ್ರೇ, ಎರಡೂ ಕಡೆ ಒಂದೊಂದು ಬೆರಳು. ದಪ್ಪ ಬೆರಳು.

ಇರುಂಗಾಟ್ಟುಕೋಟೈ ಯಾತ್ರಿ:
ನಾಚಿಕೆ ಬೇಡ, ರಸ್ತೆಯಲ್ಲಿ ಅದು ಇರಲೇಬೇಕು. ಅಂಚಿನವರೆಗೂ ರಸ್ತೆಯಲ್ಲೇ ಸವೆಸುವವರ ಫೋಟೋ ಆಮೇಲೆ ಆಸ್ಪತ್ರೆಯಿಂದ ಬರುತ್ತದೆ. ಮುಂದಿನ ತಿಂಗಳು ನಾವು ನಾಲ್ಕು ಜನ ಟ್ರ್ಯಾಕಿಗೆ ಹೋಗುತ್ತಿದ್ದೇವೆ. ಆರ್‌ಸಿ ತಗೊಂಡು ಬಾ. ಟೆಂಪೋದಲ್ಲಿ ಜಾಗ ಇದೆ. ಲೆದರ್ ಸೂಟ್ ಬಾಡಿಗೆಗೆ ಸಿಗುತ್ತದೆ. ಟೈರ್ ಗಾಳಿ ಬಿಸಿಯಾದ ಮೇಲೆ ನೋಡೋಣ, ಮನೆಯಲ್ಲೇ ಇಳಿಸಿಕೊಂಡು ಬರಬೇಡ.

ಹಾಸನದ ಹುಡುಗ (ಐದು ವಾರದ ನಂತರ):
ಹೋಗಿ ಬಂದೆ.

ಮೊದಲ ಸೆಷನ್‌ನಲ್ಲಿ ಎಲ್ಲರೂ ನನ್ನನ್ನು ದಾಟಿದರು. ಎಲ್ಲರೂ ಅಂದರೆ ಎಲ್ಲರೂ. ಆರ್15 ಓಡಿಸುತ್ತಿದ್ದ ಒಬ್ಬಳು ಕಾಲೇಜು ಹುಡುಗಿ ಸಿ1ನಲ್ಲಿ ಹೊರಗಿನಿಂದ ದಾಟಿದಳು. ನನ್ನ ಕಣ್ಣು ಮುಂದಿನ ಚಕ್ರದ ಮೇಲಿತ್ತು, ಅವಳದು ತಿರುವಿನ ಕೊನೆಯಲ್ಲಿತ್ತು. ಯಾತ್ರಿಯಣ್ಣ ಇಡೀ ಬೆಳಗ್ಗೆ ಒಂದೇ ಪಾಠ ಹೇಳಿದರು. ಬ್ರೇಕನ್ನು ತಟ್ಟನೆ ಬಿಡಬೇಡ, ವಾಲುತ್ತಾ ವಾಲುತ್ತಾ ಸ್ವಲ್ಪ ಸ್ವಲ್ಪವೇ ಬಿಡು ಅಂತ. ಬ್ರೇಕ್ ಹಿಡಿದಿದ್ದರೆ ಮುಂದಿನ ಫೋರ್ಕ್ ಕುಗ್ಗಿರುತ್ತದೆ, ಟೈರು ನೆಲಕ್ಕೆ ಒತ್ತಿಕೊಂಡಿರುತ್ತದೆ, ಬೈಕ್ ಬೇಗ ತಿರುಗುತ್ತದೆ. ನಾನು ನಾಲ್ಕು ವರ್ಷ ತದ್ವಿರುದ್ಧ ಮಾಡುತ್ತಿದ್ದೆ. ತಟ್ಟನೆ ಬಿಡುವುದು, ಫೋರ್ಕ್ ಮೇಲೆದ್ದು ಗಾಡಿ ಅಗಲಕ್ಕೆ ಓಡುವುದು, ಆಮೇಲೆ ಗಾಡಿಯನ್ನು ಬೈಯುವುದು.

ಮಧ್ಯಾಹ್ನದ ಮೇಲೆ ಒಂದು ತಿರುವು ಸರಿಯಾಗಿ ಕೂತಿತು. ಒಂದೇ ಒಂದು. ಮೊಣಕಾಲಿನ ಸ್ಲೈಡರ್ "ಕರ್ರ್" ಅಂತು. ಹೆದರಿ ಕಾಲು ಎಳೆದುಕೊಂಡೆ.

ಸಂಜೆ ಯಾತ್ರಿಯಣ್ಣ ತಮ್ಮ ಸಿಕ್ಸ್ ಆರ್ ಎರಡು ಸುತ್ತು ಕೊಟ್ಟರು. ಗಿಡುಗಣ್ಣ ಬೂಸಾ ತಂದಿದ್ದರು, ಅದನ್ನೂ ಪಿಟ್ ಪಕ್ಕದ ರಸ್ತೆಯಲ್ಲಿ ಒಂದು ರೌಂಡ್ ಓಡಿಸಿದೆ. ತಳ್ಳಿಕೊಂಡು ಟೆಂಪೋ ಹತ್ತಿಸುವಾಗಲೇ ಮೂರು ಜನ ಬೇಕಾಯಿತು, ತೂಕ ಅಂದರೆ ಏನು ಅಂತ ಅಲ್ಲೇ ಗೊತ್ತಾಯಿತು.

ಸದ್ಯಕ್ಕೆ ಆರ್‌ಸಿ ಮಾರುವುದಿಲ್ಲ. ದುಡ್ಡು ಬ್ಯಾಂಕಿನಲ್ಲಿದೆ. ಬೂಸಾ ಆಸೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಊರಿಂದ ಬೆಂಗಳೂರಿಗೆ ಹೋಗಿ ಬರಲು ಅದರಷ್ಟು ಹಾಯಾದ ಗಾಡಿ ಇಲ್ಲ. ಆದರೆ ಮುಂದಿನ ವರ್ಷ ನೋಡೋಣ.

ಮೇಷ್ಟ್ರೇ, ಟೈರು ಅಳೆದೆ. ಬಲಗಡೆ ಬೆರಳು ಮಾಯ, ಅಂಚಿನವರೆಗೂ ಸವೆದಿದೆ. ಎಡಗಡೆ ಇನ್ನೂ ಅರ್ಧ ಬೆರಳು ಹಾಗೇ ಇದೆ. ಇದೇನು, ನನಗೆ ಎಡಕ್ಕೆ ತಿರುಗಿಸಲು ಬರಲ್ವಾ?

ಯೆಜ್ಡಿ ಮೇಷ್ಟ್ರು:
ಅದು ನಿನ್ನ ತಪ್ಪಲ್ಲ. ಆ ಟ್ರ್ಯಾಕ್ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತದೆ, ಬಲ ತಿರುವೇ ಜಾಸ್ತಿ.

ಗೇರ್ ಗುಂಡಣ್ಣ:
ಟೈರ್ ಅಂಗಡಿಯವನಿಗೆ ಬಲಗಡೆ ಮಾತ್ರ ಬದಲಾಯಿಸು ಅಂತ ಹೇಳು. ಅಜ್ಜಿಗೆ ಏನು ಹೇಳಿದೆ?

ಹಾಸನದ ಹುಡುಗ:
ಬೂಸಾ ಬಂತಾ ಅಂತ ಕೇಳಿದರು. ಇನ್ನೊಂದು ವರ್ಷ ಅಂದೆ. "ಅಷ್ಟರಲ್ಲಿ ಹಸು ಉಪವಾಸ ಸಾಯುತ್ತೆ, ನಾನೇ ತರಿಸ್ತೀನಿ" ಅಂದರು. ಬೆಳಗ್ಗೆ ಎರಡು ಮೂಟೆ ಬಂದಿದೆ. ಬೈಕ್ ನಿಲ್ಲಿಸುವ ಜಾಗದಲ್ಲೇ ಇಳಿಸಿದ್ದಾರೆ.